ಅರ್ಜಿ ಬರೆಯುವ ವಿದ್ಯೆ

ನಮ್ಮ ನಾಡಿನ ಸರ್ಕಾರಿ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಬುದ್ಧಿಗೆ ಕೊರತೆಯಿದೆಯೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಶ್ರಮಕ್ಕೆ ಕೊರತೆಯಿದೆಯೆಂಬುದನ್ನಂತೂ ಸುತರಾಂ ಒಪ್ಪುವುದಿಲ್ಲ. ಬೆಳಗಿನ ಜಾವ ಎದ್ದು ಕೊಟ್ಟಿಗೆಯ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತೇ ಪಯಣಿಸಿ, ಮೊದಲನೆಯ ಗಂಟೆಯ ಪಾಠಕ್ಕೆ ತಪ್ಪದೆ ಬಂದು ಕುಳಿತುಕೊಳ್ಳುವ ನೂರಾರು ಮಂದಿಯನ್ನು ನಾವೆಲ್ಲರೂ ದಿನವೂ ಕಾಣುತ್ತಿದ್ದೇವೆ. ಕೊರತೆಯಿರುವುದು ಬೇರೊಂದು ವಿದ್ಯೆಗೆ. ಆ ವಿದ್ಯೆ ಯಾವ ಪಠ್ಯಕ್ರಮದಲ್ಲಿಯೂ ಸೇರಿಲ್ಲ; ಯಾವ ಪರೀಕ್ಷೆಯಲ್ಲಿಯೂ ಅದಕ್ಕೆ ಅಂಕಗಳಿಲ್ಲ. ಆದರೂ ಉನ್ನತ ವ್ಯಾಸಂಗದ ಹೊಸ್ತಿಲಲ್ಲಿ ಒಳಗೆ ಹೋಗುವವರು ಯಾರು, ಹೊರಗೆ ನಿಲ್ಲುವವರು ಯಾರು ಎಂಬುದನ್ನು ಎಷ್ಟೋ ವೇಳೆ ಅದೇ ನಿರ್ಣಯಿಸುತ್ತದೆ. ಅದನ್ನು ನಾನು ಅರ್ಜಿ ಬರೆಯುವ ವಿದ್ಯೆ ಎಂದು ಕರೆಯುತ್ತೇನೆ. ಆಣ್ವಿಕ ಜೀವವಿಜ್ಞಾನದಲ್ಲಿ ಪಿಎಚ್.ಡಿ. ಪದವಿಗಾಗಿ ಅರ್ಜಿ ಗುಜರಾಯಿಸುವ ವಿಷಯವನ್ನು ಉದಾಹರಣೆಯಾಗಿ ತೆಗೆದುಕೊಂಡು, ಈ ಕೊರತೆಯನ್ನು ನಾವು ನಮ್ಮ ಕಾಲೇಜಿನ ಆವರಣದಲ್ಲಿಯೇ ಹೇಗೆ ತುಂಬಿಕೊಳ್ಳಬಹುದೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ಕಲಾವಿಭಾಗದವರಿಗೆ ಜೀವವಿಜ್ಞಾನದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ನನ್ನ ತಂಗಿ ವಿಜ್ಞಾನದ ವಿದ್ಯಾರ್ಥಿನಿ, ಈಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವಿಬ್ಬರೇ. ಮುಂದೆ ಏನು ಓದಬೇಕು, ಯಾರನ್ನು ಕೇಳಬೇಕು ಎಂದು ತಿಳಿಸುವ ಹಿರಿಯರು ಮನೆಯಲ್ಲಾಗಲಿ ಕೇರಿಯಲ್ಲಾಗಲಿ ಇಲ್ಲ. ಎರಡನೆಯದಾಗಿ, ಅರ್ಜಿಯೆಂಬುದು ಎಷ್ಟೇ ವೈಜ್ಞಾನಿಕವಾಗಿದ್ದರೂ ಅದು ಕಟ್ಟಲ್ಪಡುವುದು ಮಾತಿನಿಂದ. ಮಾತಿನ ವ್ಯಾಸಂಗ ನಮ್ಮದು. ಆದುದರಿಂದ ಈ ವಿಷಯದಲ್ಲಿ ಕಲಾವಿಭಾಗದವರಿಗೆ ಹಕ್ಕೂ ಉಂಟು, ಹೊಣೆಯೂ ಉಂಟು.

ಮೊದಲು ವಿಷಯವೇನೆಂಬುದನ್ನು ಸ್ವಲ್ಪ ತಿಳಿಯೋಣ. ಜೀವಿಯ ದೇಹ ಕೋಶಗಳಿಂದಾದುದೆಂದು ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಆ ಕೋಶದೊಳಗೆ ಡಿ.ಎನ್.ಎ., ಆರ್.ಎನ್.ಎ., ಪ್ರೋಟೀನು ಮೊದಲಾದ ಅಣುಗಳು ಹೇಗೆ ವರ್ತಿಸುತ್ತವೆ, ಒಂದು ಅಣುವಿನಲ್ಲಿ ಅಡಗಿದ ಸಂದೇಶ ಇನ್ನೊಂದು ಅಣುವಾಗಿ ಹೇಗೆ ರೂಪ ತಾಳುತ್ತದೆ, ಆ ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೆ ರೋಗ ಹೇಗೆ ಹುಟ್ಟುತ್ತದೆ ಎಂಬುದನ್ನು ವಿಚಾರಿಸುವುದೇ ಆಣ್ವಿಕ ಜೀವವಿಜ್ಞಾನ. ಇದು ದೂರದ ಸಂಗತಿಯೆಂದು ಯಾರೂ ತಿಳಿಯಬಾರದು. ಮಲೆನಾಡಿನವರಾದ ನಮಗೆ ಮಂಗನ ಕಾಯಿಲೆಯ ಹೆಸರು ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಆ ರೋಗದ ವೈರಸ್ಸು ಮೊದಲು ಪತ್ತೆಯಾಯಿತು. ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಆ ರೋಗಕ್ಕೆ ನಮ್ಮ ಆ ಕಾಡಿನ ಹೆಸರೇ ನಿಂತಿದೆ. ಉಣ್ಣೆಯ ಮೂಲಕ ಅದು ಮನುಷ್ಯನಿಗೆ ಹರಡುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆಯಿಂದ ಸಾಕಷ್ಟು ರಕ್ಷಣೆ ದೊರೆಯದೆಂದು ಕಂಡು ಅದರ ಬಳಕೆ ನಿಂತಿತು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತ ಮಳೆಗಾಲವನ್ನೆಲ್ಲ ಮರದ ಮೇಲೆ ಕಳೆಯುವ ಕೂಲಿಗಾರರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಉಣ್ಣೆಯನ್ನು ದನದ ಮೈಯಿಂದ ಕಿತ್ತು ಬಲ್ಲವರು, ಕೊಳೆತ ಅಡಕೆಯ ವಾಸನೆಯನ್ನು ಬಲ್ಲವರು ಈ ಪ್ರಶ್ನೆಗಳನ್ನು ಪ್ರಯೋಗಶಾಲೆಗೆ ಒಯ್ಯದಿದ್ದರೆ ಮತ್ತೆ ಯಾರು ಒಯ್ಯಬೇಕು?

ಪಿಎಚ್.ಡಿ. ಎಂದರೆ ಇನ್ನೊಂದು ದೊಡ್ಡ ಪರೀಕ್ಷೆ, ಇನ್ನಷ್ಟು ದಪ್ಪ ಪುಸ್ತಕಗಳು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಹಾಗಲ್ಲ. ತಿಳಿದುದನ್ನು ಕಲಿಯುವುದು ಅಲ್ಲಿಗೆ ಮುಗಿದು, ಯಾರಿಗೂ ತಿಳಿಯದುದನ್ನು ಹುಡುಕುವುದು ಅಲ್ಲಿಂದ ಆರಂಭವಾಗುತ್ತದೆ. ಡಿ.ಎನ್.ಎ. ಅಣುವಿನ ಜೋಡಿಸುರುಳಿಯ ರಚನೆ 1953ರಲ್ಲಿ ಪ್ರಕಟವಾಯಿತಷ್ಟೆ. ಅದನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಆಗ ಇನ್ನೂ ಸಂಶೋಧನಾ ವಿದ್ಯಾರ್ಥಿ. ಅವರಿಗೆ ಡಾಕ್ಟರೇಟ್ ದೊರೆತದ್ದು ಮರುವರ್ಷ, 1954ರಲ್ಲಿ. ಆ ಶೋಧಕ್ಕೆ ಆಧಾರವಾದ ಪ್ರಸಿದ್ಧ ಎಕ್ಸ್-ಕಿರಣ ಚಿತ್ರವನ್ನು 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ತೆಗೆದವರು ರೇಮಂಡ್ ಗಾಸ್ಲಿಂಗ್. ಅವರೂ ಸಂಶೋಧನಾ ವಿದ್ಯಾರ್ಥಿಯೇ. ಅಂದ ಮೇಲೆ ಸಂಶೋಧನಾ ವಿದ್ಯಾರ್ಥಿಯ ಸ್ಥಾನ ತರಗತಿಯ ಹಿಂದಿನ ಬೆಂಚಿನದಲ್ಲ. ಕೆಲಸ ನಡೆಯುವ ಮೇಜಿನದು.

ಈ ಬಾಗಿಲನ್ನು ತಟ್ಟಿದವರ ಕಥೆಗಳಲ್ಲಿ ಎರಡನ್ನು ಇಲ್ಲಿ ಸ್ಮರಿಸುವುದು ಉಚಿತ. ಒಂದು ನಮ್ಮ ಬೆಂಗಳೂರಿನದೇ. 1933ರಲ್ಲಿ ಬೊಂಬಾಯಿಯ ಬಿ.ಎಸ್ಸಿ. ಪದವೀಧರೆ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿದವರು. ಅಂಕಗಳಿಗೂ ಕೊರತೆಯಿರಲಿಲ್ಲ. ಆದರೆ ಹೆಂಗಸೆಂಬ ಒಂದೇ ಕಾರಣದಿಂದ ಆಗಿನ ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಹಿಂದಿರುಗಲಿಲ್ಲ, ಕಾರಣ ಕೇಳಿ ನಿಂತರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಅವಮಾನಕರವೆನ್ನಬಹುದಾದ ಷರತ್ತುಗಳೊಡನೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಆಕೆ ಮಾಡಿದ ಕೆಲಸವನ್ನು ಕಂಡ ಮೇಲೆ ರಾಮನ್ನರ ಮನಸ್ಸು ಬದಲಾಯಿತು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. ಕಮಲಾ ಅವರು ಕೇಂಬ್ರಿಜ್‌ಗೆ ಹೋಗಿ, ಸಸ್ಯಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿದೆಯೆಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ಅವರ ಅಕ್ಕ ದುರ್ಗಾ ಭಾಗವತ್ ಮರಾಠಿಯ ಹೆಸರಾಂತ ಲೇಖಕಿ, ಜಾನಪದ ವಿದ್ವಾಂಸೆ. ಒಂದೇ ಮನೆಯ ಅಂಗಳದಲ್ಲಿ ಸಾಹಿತ್ಯವೂ ವಿಜ್ಞಾನವೂ ಕೂಡಿ ಬೆಳೆಯಬಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇನ್ನೊಂದು ಕಥೆ ಹರಗೋವಿಂದ ಖೊರಾನಾ ಅವರದು. ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ರಾಯಪುರವೆಂಬ ಪುಟ್ಟ ಹಳ್ಳಿ. ಸುಮಾರು ನೂರು ಜನರಿದ್ದ ಆ ಊರಿನಲ್ಲಿ ಓದುಬರಹ ಬಲ್ಲ ಕುಟುಂಬ ಹೆಚ್ಚುಕಡಮೆ ಅವರದೊಂದೇ. ತಂದೆ ಪಟವಾರಿ, ಎಂದರೆ ನಮ್ಮ ಕಡೆಯ ಶಾನುಭೋಗರಂತೆ ಕಂದಾಯದ ಲೆಕ್ಕ ಬರೆಯುವವರು. ಲಾಹೋರಿನಲ್ಲಿ ಎಂ.ಎಸ್ಸಿ. ಮುಗಿಸಿದ ಆ ಹುಡುಗ 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ಹೋಗಿ, 1948ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, 1968ರಲ್ಲಿ ಆನುವಂಶಿಕ ಸಂಕೇತಲಿಪಿಯನ್ನು ಓದಿದವರಲ್ಲಿ ಒಬ್ಬರಾಗಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಇವೆರಡು ಕಥೆಗಳನ್ನು ಹೊಗಳಿ ಚಪ್ಪಾಳೆ ತಟ್ಟಿ ಮುಗಿಸಿದರೆ ಪ್ರಯೋಜನವಿಲ್ಲ. ಅವುಗಳಲ್ಲಿ ಒಂದು ಭೇದವಿದೆ, ಅದನ್ನು ಗಮನಿಸಬೇಕು. ಕಮಲಾ ಅವರಿಗೆ ಬಾಗಿಲೆಲ್ಲಿದೆಯೆಂದು ತಿಳಿದಿತ್ತು. ಒಳಗಿನವರು ಅದನ್ನು ಮುಚ್ಚಿದರು. ಹಾಗೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ನ್ಯಾಯ ಕೇಳಬಹುದು. ಖೊರಾನಾ ಅವರಿಗೆ ಬಾಗಿಲ ತನಕ ಹೋಗಲು ಸರ್ಕಾರದ ವಿದ್ಯಾರ್ಥಿವೇತನವೊಂದು ದಾರಿಯಾಯಿತು. ನಮ್ಮ ಇಂದಿನ ಸ್ಥಿತಿ ಇವೆರಡಕ್ಕಿಂತ ಬೇರೆ. ಬಾಗಿಲು ತೆರೆದೇ ಇದೆ, ದಾರಿಯೂ ಇದೆ. ಆದರೆ ಇದೆಯೆಂಬ ಸುದ್ದಿಯೇ ನಮ್ಮ ಊರಿಗೆ ಬಂದಿಲ್ಲ. ಮುಚ್ಚಿದವರಾರೂ ಇಲ್ಲವಾದುದರಿಂದ ದೂರು ಕೊಡುವುದಕ್ಕೂ ಯಾರೂ ಸಿಕ್ಕುವುದಿಲ್ಲ.

ನಮ್ಮ ಊರ ಕಡೆಯ ಒಬ್ಬ ಹೆಣ್ಣುಮಗಳ ವಿಷಯ ನನಗೆ ಗೊತ್ತು. ಹೆಸರು ಬೇಡ. ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎಸ್ಸಿ., ಬಳಿಕ ಎಂ.ಎಸ್ಸಿ.; ಎರಡರಲ್ಲಿಯೂ ಮೊದಲನೆಯ ದರ್ಜೆ. ಸಂಶೋಧನೆಗೆ ಹೋಗಬೇಕಾದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯೊಂದಿದೆ, ಅದಕ್ಕೆ ಇಂಥ ತಿಂಗಳಲ್ಲಿ ಹೆಸರು ನೋಂದಾಯಿಸಬೇಕು ಎಂದು ಆಕೆಗೆ ಯಾರೂ ಹೇಳಲಿಲ್ಲ. ಸಂಶೋಧನಾ ವಿದ್ಯಾರ್ಥಿಗೆ ತಿಂಗಳು ತಿಂಗಳು ವೇತನ ದೊರೆಯುತ್ತದೆಂಬುದೂ ತಿಳಿದಿರಲಿಲ್ಲ. ಐದು ವರ್ಷ ಓದಿಸಲು ತಂದೆಯ ಹತ್ತಿರ ಹಣವಿಲ್ಲವೆಂದು ಆಕೆಯೇ ತೀರ್ಮಾನಿಸಿಕೊಂಡಳು. ಇಂದು ಔಷಧದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಳೆ. ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ಬೇರೊಂದನ್ನು ಬೇಡವೆಂದು ಬಿಟ್ಟು ಇದನ್ನು ಆರಿಸಿಕೊಳ್ಳುವ ಅವಕಾಶ ಆಕೆಗೆ ಒದಗಲಿಲ್ಲ. ಇದೇ ನನ್ನ ವ್ಯಥೆ.

ಹಾಗಾದರೆ ತಿಳಿಯಬೇಕಾದುದು ಏನು? ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ಎಂ.ಎಸ್ಸಿ. ಮುಗಿಸಿದವರಿಗೆ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆ, ಜೈವಿಕ ತಂತ್ರಜ್ಞಾನ ಇಲಾಖೆಯ ಪರೀಕ್ಷೆ, ಗೇಟ್ ಪರೀಕ್ಷೆ ಮುಂತಾದುವು ಇವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮೊದಲಾದೆಡೆಗಳಿಗೆ ಜೀವವಿಜ್ಞಾನಕ್ಕೆಂದೇ ನಡೆಯುವ ಜಂಟಿ ಪ್ರವೇಶಪರೀಕ್ಷೆಯೊಂದಿದೆ. ಬಿ.ಎಸ್ಸಿ. ಆದ ಕೂಡಲೇ ಸೇರಬಹುದಾದ ಸಮಗ್ರ ಪಿಎಚ್.ಡಿ. ಶಿಕ್ಷಣಕ್ರಮಗಳು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇವೆ. 1963ರಲ್ಲಿ ಪ್ರೋಟೀನಿನ ಮಡಿಕೆಗಳ ನಕ್ಷೆಯನ್ನು ಲೋಕಕ್ಕೆ ಕೊಟ್ಟ ಜಿ. ಎನ್. ರಾಮಚಂದ್ರನ್ ಅವರು ಕಟ್ಟಿದ ಆಣ್ವಿಕ ಜೀವಭೌತ ವಿಭಾಗ ಇರುವುದೂ ಆ ವಿಜ್ಞಾನ ಸಂಸ್ಥೆಯಲ್ಲಿಯೇ. ನಮ್ಮ ಊರಿನಿಂದ ರಾತ್ರಿಯ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ತಲುಪಬಹುದಾದ ಸ್ಥಳಗಳಿವು. ಕಿರಿಯ ಸಂಶೋಧಕನಿಗೆ ಕೇಂದ್ರ ಸರ್ಕಾರ ಕೊಡುವ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಅನಂತರ 42,000 ರೂಪಾಯಿ. ಮನೆಬಾಡಿಗೆಯ ಭತ್ಯೆ ಬೇರೆ. ಈ ಎರಡು ಅಂಕೆಗಳನ್ನು ನಮ್ಮ ಸೂಚನಾಫಲಕದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಿದರೆ ಎಷ್ಟು ಮನೆಗಳ ಚಿಂತೆ ಅರ್ಧ ಇಳಿದೀತು! “ಇನ್ನೆಷ್ಟು ವರ್ಷ ಓದುತ್ತೀಯೆ?” ಎಂದು ಕೇಳುವ ತಂದೆತಾಯಿಗಳು ವಿದ್ಯೆಯ ವಿರೋಧಿಗಳಲ್ಲ, ಲೆಕ್ಕ ತಿಳಿಯದೆ ಹೆದರಿದವರು.

ಹೊರದೇಶಗಳ ಪದ್ಧತಿ ಬೇರೆ. ಯೂರೋಪಿನ ಹೆಚ್ಚಿನ ಕಡೆ ಎಂ.ಎಸ್ಸಿ. ಬೇಕು. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಎರಡು ದೊಡ್ಡ ವಿದ್ಯಾಸಂಸ್ಥೆಗಳು ಸೇರಿ ಆಣ್ವಿಕ ಜೀವವಿಜ್ಞಾನವೆಂಬ ಹೆಸರಿನಲ್ಲಿಯೇ ಪಿಎಚ್.ಡಿ. ಶಿಕ್ಷಣ ನಡೆಸುತ್ತವೆ, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಶಾಲೆಗಳು, ಹೈಡೆಲ್‌ಬರ್ಗಿನ ಯೂರೋಪಿಯನ್ ಆಣ್ವಿಕ ಜೀವವಿಜ್ಞಾನ ಪ್ರಯೋಗಾಲಯ ಇವೆಲ್ಲ ಎಲ್ಲ ದೇಶಗಳ ವಿದ್ಯಾರ್ಥಿಗಳನ್ನೂ ಕರೆಯುತ್ತವೆ. ಗಟಿಂಗೆನ್ನಿನಲ್ಲಿ ಬಿ.ಎಸ್ಸಿ. ಆದವರೂ ಸೇರಬಹುದಾದ ಕೂಡುಶಿಕ್ಷಣವೊಂದಿದೆ. ಅಮೆರಿಕದಲ್ಲಿ ಪದವಿಯ ಬಳಿಕ ನೇರವಾಗಿ ಪಿಎಚ್.ಡಿ. ಸೇರುವ ರೂಢಿಯುಂಟು, ಮೊದಲ ವರ್ಷ ಎರಡು ಮೂರು ಪ್ರಯೋಗಶಾಲೆಗಳಲ್ಲಿ ಕೆಲವು ವಾರಗಳಂತೆ ಕೆಲಸ ಮಾಡಿ ನೋಡಿ, ಆಮೇಲೆ ಗುರುವನ್ನು ಆರಿಸಿಕೊಳ್ಳುವ ಒಳ್ಳೆಯ ಪದ್ಧತಿಯೂ ಅಲ್ಲಿದೆ. ಆದರೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಅಪೇಕ್ಷಿಸುತ್ತವೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತಷ್ಟೆ. ಅರ್ಜಿಯ ಶುಲ್ಕ, ಇಂಗ್ಲಿಷ್ ಪರೀಕ್ಷೆಯ ಶುಲ್ಕ ಇವೆಲ್ಲ ಕೂಡಿದರೆ ಕೂಲಿಗಾರನ ಎರಡು ಮೂರು ತಿಂಗಳ ದುಡಿಮೆ ಕರಗಿಹೋಗುತ್ತದೆ. ಶುಲ್ಕವನ್ನು ಮನ್ನಾ ಮಾಡಬೇಕೆಂದು ಬರೆದು ಕೇಳಿಕೊಂಡರೆ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ. ಕೇಳಬಹುದೆಂಬುದೇ ನಮಗೆ ತಿಳಿದಿರುವುದಿಲ್ಲ. 2025ರಲ್ಲಿ ಅಮೆರಿಕದ ಸರ್ಕಾರ ಸಂಶೋಧನೆಯ ಅನುದಾನಗಳನ್ನು ಕತ್ತರಿಸಿದಾಗ ಕೆಲವು ವಿಶ್ವವಿದ್ಯಾಲಯಗಳು ಕೊಟ್ಟ ಪ್ರವೇಶವನ್ನೂ ಹಿಂದೆಗೆದುಕೊಂಡವು. ಆದುದರಿಂದ ಒಂದೇ ದೇಶವನ್ನು ನಂಬಿ ಕೂಡುವುದು ಜಾಣತನವಲ್ಲ.

ಇನ್ನು ಅರ್ಜಿಯ ಒಡಲಿಗೆ ಬರೋಣ. ಅಂಕಪಟ್ಟಿ ಇದ್ದುದು ಇದ್ದ ಹಾಗೆ; ಅದರಲ್ಲಿ ನಾವು ಮಾಡುವಂಥದೇನೂ ಇಲ್ಲ. ಉಳಿದುದು ಮೂರು: ಉದ್ದೇಶಪತ್ರ, ಶಿಫಾರಸು ಪತ್ರಗಳು, ಸಂದರ್ಶನ. ಈ ಮೂರರಲ್ಲಿಯೂ ನಮ್ಮವರು ಹಿಂದೆ ಬೀಳುತ್ತಾರೆ. ಮೂರಕ್ಕೂ ಮದ್ದು ನಮ್ಮಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಉದ್ದೇಶಪತ್ರವೆಂದರೆ ತಾನು ಏತಕ್ಕೆ ಈ ವಿಷಯವನ್ನು ಓದಬಯಸುತ್ತೇನೆ, ಇದುವರೆಗೆ ಏನು ಮಾಡಿದ್ದೇನೆ, ಯಾವ ಪ್ರಶ್ನೆ ತನ್ನನ್ನು ಕಾಡುತ್ತಿದೆ, ಅದಕ್ಕೆ ಆ ಸಂಸ್ಥೆಯೇ ಏಕೆ ಬೇಕು ಎಂಬುದನ್ನು ಒಂದೆರಡು ಪುಟಗಳಲ್ಲಿ ತಿಳಿಸುವ ಬರಹ. ಹಾಸ್ಟೆಲಿನಲ್ಲಿ ಗೆಳೆಯರ ಇಂಥ ಕೆಲವು ಪತ್ರಗಳನ್ನು ನಾನು ಓದಿದ್ದೇನೆ. ಬಹುಪಾಲು ಒಂದೇ ಅಚ್ಚಿನವು. ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ, ಮನುಕುಲದ ಸೇವೆಯೇ ಗುರಿ, ತಮ್ಮ ಘನಸಂಸ್ಥೆಯಲ್ಲಿ ಅವಕಾಶ ದೊರೆತರೆ ಧನ್ಯ. ಇಂಗ್ಲಿಷ್ ತಪ್ಪಿಲ್ಲದೆ ಇರಬಹುದು; ಆದರೆ ಬರೆದವನು ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದೇ ಗೆಳೆಯ ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಮಾತನಾಡುವಾಗ, “ಒಂದೇ ತೋಟ, ಒಂದೇ ಮಳೆ, ಆದರೂ ಒಂದು ಸಾಲು ಕೊಳೆಯುತ್ತದೆ, ಪಕ್ಕದ ಸಾಲು ಉಳಿಯುತ್ತದೆ, ಏಕೆ?” ಎಂದು ಕೇಳುತ್ತಾನೆ. ಅದು ಸಂಶೋಧಕನ ಪ್ರಶ್ನೆಯಲ್ಲವೆ? ಅದನ್ನು ಏಕೆ ಬರೆಯಲಿಲ್ಲವೆಂದರೆ, “ಅದು ನಮ್ಮ ಮನೆಯ ಮಾತು, ಅದನ್ನೆಲ್ಲ ಅಲ್ಲಿ ಬರೆಯುತ್ತಾರೆಯೆ?” ಎನ್ನುತ್ತಾನೆ. ಮನೆಯ ಮಾತಿಗೆ ವಿದ್ಯೆಯ ಲೋಕದಲ್ಲಿ ಬೆಲೆಯಿಲ್ಲವೆಂಬ ಈ ಅಳುಕೇ ನಮ್ಮ ನಿಜವಾದ ಬಡತನ.

ಆದುದರಿಂದ ನನ್ನ ಸೂಚನೆಯಿಷ್ಟು. ಉದ್ದೇಶಪತ್ರದ ಮೊದಲ ಕರಡನ್ನು ಕನ್ನಡದಲ್ಲಿಯೇ ಬರೆಯಬೇಕು. ಯೋಚನೆ ಸ್ವಚ್ಛವಾದ ಮೇಲೆ ಇಂಗ್ಲಿಷಿಗೆ ತರಬೇಕು. ಕನ್ನಡದಲ್ಲಿ ವಿಜ್ಞಾನ ಹೇಳಲಾಗದೆನ್ನುವವರು ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನು ಗ್ರಂಥಾಲಯದಿಂದ ತಂದು ಓದಲಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಆ ಪುಸ್ತಕವನ್ನು ಬರೆದವರು ಪ್ರಯೋಗಶಾಲೆಯಲ್ಲಿ ಬದುಕು ಸವೆಸಿದ ವಿಜ್ಞಾನಿ. ಇಂಗ್ಲಿಷಿಗೆ ತರುವ ಹಂತದಲ್ಲಿ ನಮ್ಮ ಕಲಾವಿಭಾಗದ ಗೆಳೆಯರು ನೆರವಾಗಲಿ. ನೆರವಾಗುವುದೆಂದರೆ ಬರೆದುಕೊಡುವುದಲ್ಲ, ಓದಿ, “ಇದರ ಅರ್ಥವೇನು? ನೀನು ಮಾಡಿದ್ದೇನು? ಇಲ್ಲಿ ನೀನೆಲ್ಲಿ?” ಎಂದು ಕೇಳುವುದು. ಇತ್ತೀಚೆಗೆ ಕೃತಕ ಬುದ್ಧಿಯ ಯಂತ್ರಗಳು ಕೇಳಿದೊಡನೆ ಪತ್ರ ಬರೆದುಕೊಡುತ್ತವೆ. ಭಾಷೆಯ ತಪ್ಪು ತಿದ್ದಿಕೊಳ್ಳಲು ಅವು ಉಪಯೋಗಕ್ಕೆ ಬಂದಾವು. ಆದರೆ ಪತ್ರವನ್ನೇ ಅವುಗಳಿಂದ ಬರೆಸಿದರೆ ಸಂದರ್ಶನದ ದಿನ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕಾದವರು ನಾವೇ ಹೊರತು ಯಂತ್ರವಲ್ಲ. ಎರವಲು ಅಂಗಿ ಮೈಗೆ ಕೂಡುವುದಿಲ್ಲವೆಂಬುದನ್ನು ಪರೀಕ್ಷಕರು ಎರಡನೆಯ ಪ್ರಶ್ನೆಯಲ್ಲಿಯೇ ಕಂಡುಕೊಳ್ಳುತ್ತಾರೆ.

ಶಿಫಾರಸು ಪತ್ರದ ವಿಷಯದಲ್ಲಿ ನಮ್ಮ ಪೂಜ್ಯ ಅಧ್ಯಾಪಕರಲ್ಲಿ ವಿನಯದಿಂದ ಒಂದು ಬಿನ್ನಹವಿದೆ. ಸಾಮಾನ್ಯವಾಗಿ ಎರಡು ಮೂರು ಪತ್ರಗಳು ಬೇಕಾಗುತ್ತವೆ. ಅವನ್ನು ಅಧ್ಯಾಪಕರೇ ನೇರವಾಗಿ, ವಿದ್ಯಾರ್ಥಿಯ ಕೈಗೆ ಕೊಡದೆ, ಆ ಸಂಸ್ಥೆಗೆ ಕಳಿಸಬೇಕಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಪತ್ರದ ಮಾದರಿ ನಡತೆಯ ಪ್ರಮಾಣಪತ್ರದ್ದು: “ಇವರು ನಮ್ಮ ಕಾಲೇಜಿನಲ್ಲಿ ಮೂರು ವರ್ಷ ಓದಿದ್ದು, ನಡತೆ ಉತ್ತಮ, ಇವರಿಗೆ ಶುಭವಾಗಲಿ.” ಇದರಲ್ಲಿ ಅಸತ್ಯವೇನೂ ಇಲ್ಲ, ಉಪಯೋಗವೂ ಇಲ್ಲ. ಆಯ್ಕೆಯ ಮಂಡಲಿಗೆ ಬೇಕಾದುದು ಬೇರೆ: ಈ ವಿದ್ಯಾರ್ಥಿ ಪ್ರಯೋಗ ಕೆಟ್ಟಾಗ ಏನು ಮಾಡಿದ, ಪುಸ್ತಕದಲ್ಲಿಲ್ಲದ ಯಾವ ಪ್ರಶ್ನೆ ಕೇಳಿದ, ತನ್ನ ಕೈಯಿಂದ ಏನು ಮಾಡಬಲ್ಲ? ಇದನ್ನು ಬರೆಯಬೇಕಾದರೆ ಅಧ್ಯಾಪಕರು ವಿದ್ಯಾರ್ಥಿಯನ್ನು ಬಲ್ಲವರಾಗಿರಬೇಕು. ತರಗತಿಗೆ ನೂರಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳಿರುವಲ್ಲಿ, ಅತಿಥಿ ಉಪನ್ಯಾಸಕರ ಮೇಲೆ ಎಲ್ಲ ಹೊರೆಯೂ ಬಿದ್ದಿರುವಲ್ಲಿ ಅದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಅದಕ್ಕೇ ಹೆಜ್ಜೆ ಎರಡೂ ಕಡೆಯಿಂದ ಬರಬೇಕು. ಕೊನೆಯ ದಿನದ ಹಿಂದಿನ ಸಂಜೆ ಓಡಿಹೋಗಿ ಪತ್ರ ಬೇಡುವುದನ್ನು ವಿದ್ಯಾರ್ಥಿ ಬಿಡಬೇಕು. ಒಂದು ತಿಂಗಳ ಮುಂಚೆ ತನ್ನ ಉದ್ದೇಶಪತ್ರ, ತಾನು ಮಾಡಿದ ಕೆಲಸದ ಟಿಪ್ಪಣಿ ಇವನ್ನು ಒಯ್ದು ಕೊಡಬೇಕು. “ನೀನೇ ಬರೆದು ತಾ, ರುಜು ಹಾಕುತ್ತೇನೆ” ಎನ್ನುವುದನ್ನು ಅಧ್ಯಾಪಕರು ಬಿಡಬೇಕು. ಹಾಗೆ ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ತನ್ನನ್ನು ತಾನು ಹೊಗಳಿಕೊಳ್ಳಲು ಬಾರದ ಹಳ್ಳಿಯ ಹುಡುಗಿ ಆ ಕ್ಷಣದಲ್ಲಿಯೇ ಸೋಲುತ್ತಾಳೆ.

ಕೈಯಲ್ಲಿ ಮಾಡಿದ ಕೆಲಸವಿಲ್ಲದೆ ಉದ್ದೇಶಪತ್ರಕ್ಕೂ ಶಿಫಾರಸಿಗೂ ಜೀವ ಬಾರದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ದೊಡ್ಡ ಉಪಕರಣಗಳಿಲ್ಲ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಡನೆ ಸೇರಿ, ಬೇಸಗೆಯ ಎರಡು ತಿಂಗಳು ದೇಶದ ದೊಡ್ಡ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡಲು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವೇತನ ಕೊಡುವ ಯೋಜನೆಯೊಂದನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಅಧ್ಯಾಪಕರಿಗೂ ಎಂಬುದನ್ನು ಗಮನಿಸಬೇಕು. ಗುರುಶಿಷ್ಯರಿಬ್ಬರೂ ಒಂದೇ ಬೇಸಗೆಯಲ್ಲಿ ಅರ್ಜಿದಾರರಾಗುವ ದೃಶ್ಯ ನಮ್ಮ ಕಾಲೇಜುಗಳಿಗೆ ಎಷ್ಟು ಶೋಭೆ ತಂದೀತು!

ಸಂದರ್ಶನದ ಮಾತು ಸ್ವಲ್ಪ. ಅಲ್ಲಿ ಪಾಠ ಒಪ್ಪಿಸಬೇಕಾಗಿಲ್ಲ. ಒಂದು ಪ್ರಯೋಗವನ್ನು ಹೇಳಿ, ಇದರ ಫಲವನ್ನು ನಂಬುವುದು ಹೇಗೆ, ಹೋಲಿಕೆಗೆ ಏನನ್ನಿಟ್ಟುಕೊಳ್ಳುತ್ತೀರಿ ಎಂದು ಕೇಳುತ್ತಾರೆ. ತಿಳಿಯದುದನ್ನು ತಿಳಿಯದೆನ್ನುವುದು ಅಲ್ಲಿ ಅವಮಾನವಲ್ಲ. ತಿಳಿಯದೆಂದು ಹೇಳಿ, ಹೀಗೆ ಹುಡುಕಬಹುದು ಎನ್ನುವುದೇ ಯೋಗ್ಯತೆ. ಹಿರಿಯರ ಮುಂದೆ ಮೌನವೇ ವಿನಯವೆಂದು ಬೆಳೆದ ನಮಗೆ ಇದು ಕಷ್ಟ. ಅದನ್ನು ಮುಂಚೆಯೇ ಅಭ್ಯಾಸ ಮಾಡಬೇಕು. ನಮ್ಮ ಚರ್ಚಾಕೂಟಗಳಿರುವುದು ಬೇರೆ ಇನ್ನೇತಕ್ಕೆ?

ಇಷ್ಟೆಲ್ಲ ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಬಡವರ ಮಕ್ಕಳಿಗೆ ಐದಾರು ವರ್ಷದ ಸಂಶೋಧನೆಯ ಆಸೆ ಹುಟ್ಟಿಸುವುದು ಸರಿಯೆ? ಪಿಎಚ್.ಡಿ. ಆದವರೆಲ್ಲರಿಗೂ ಉದ್ಯೋಗ ಕಾದಿದೆಯೆ? ಕಾದಿಲ್ಲ, ಅದನ್ನು ಮುಚ್ಚಿಡಬಾರದು. ವೇತನವನ್ನು ಏರಿಸಬೇಕೆಂದು 2018ರಲ್ಲಿಯೂ 2022ರಲ್ಲಿಯೂ ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ತಿಂಗಳುಗಟ್ಟಲೆ ಮಾಡಿದ ಪ್ರಯೋಗ ಒಂದು ದಿನ ನಿಷ್ಫಲವಾಗುವುದೂ ಉಂಟು. ಎಲ್ಲರೂ ಅಲ್ಲಿಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಕಷ್ಟವನ್ನು ತಿಳಿದು ಬೇಡವೆನ್ನುವುದು ವಿವೇಕ. ತಿಳಿಯದೆಯೇ ತಪ್ಪಿಹೋಗುವುದು ನಷ್ಟ. ಹಂಗೇರಿಯ ಚಿಕ್ಕ ಊರೊಂದರ ಕಟುಕನ ಮಗಳು ಕಾಟಲಿನ್ ಕಾರಿಕೋ ನಲ್ಲಿನೀರಿಲ್ಲದ ಮನೆಯಲ್ಲಿ ಬೆಳೆದು, ಸೆಗೆಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದು, ಎಷ್ಟೋ ವರ್ಷ ಅನುದಾನವಿಲ್ಲದೆ, ಮನ್ನಣೆಯಿಲ್ಲದೆ ಆರ್.ಎನ್.ಎ. ಅಣುವನ್ನು ಬಿಡದೆ ಹಿಡಿದು ಕೆಲಸ ಮಾಡಿದರು. ಕೊರೋನಾ ಕಾಲದಲ್ಲಿ ಕೋಟ್ಯಂತರ ಜನರ ತೋಳಿಗೆ ಹೋದ ಎಂ-ಆರ್.ಎನ್.ಎ. ಲಸಿಕೆಗಳ ಹಿಂದೆ ಆ ಕೆಲಸವಿತ್ತು. 2023ರಲ್ಲಿ ಅವರಿಗೆ ನೊಬೆಲ್ ಬಂತು. ಕಟುಕನ ಮನೆಯಲ್ಲಿ ಅಂಥ ಆಸೆ ಹುಟ್ಟಬಾರದೆಂದು ಯಾರಾದರೂ ಆಗಲೇ ತೀರ್ಮಾನಿಸಿಬಿಟ್ಟಿದ್ದರೆ ನಷ್ಟ ಯಾರದಾಗುತ್ತಿತ್ತು?

ಕೊನೆಯದಾಗಿ ಮೂರು ಕೆಲಸಗಳನ್ನು ನಮ್ಮ ಕಾಲೇಜಿನ ಮುಂದೆ ಇಡುತ್ತೇನೆ. ಮೂರಕ್ಕೂ ಸರ್ಕಾರದ ಆಜ್ಞೆಯೂ ಬೇಡ, ದೊಡ್ಡ ಹಣವೂ ಬೇಡ. ಒಂದು: ಗ್ರಂಥಾಲಯದ ಬಾಗಿಲಲ್ಲಿ ಒಂದು ಫಲಕ, ಅದರಲ್ಲಿ ಪರೀಕ್ಷೆಗಳ ಹೆಸರು, ಅರ್ಜಿಯ ಕೊನೆಯ ದಿನ, ವೇತನದ ಮೊತ್ತ, ಎಲ್ಲವೂ ಕನ್ನಡದಲ್ಲಿ. ಕಲಾವಿಭಾಗದ ಪರೀಕ್ಷೆಗಳೂ ಅದರಲ್ಲಿಯೇ ಇರಲಿ; ಇತಿಹಾಸದಲ್ಲಿ, ಕನ್ನಡದಲ್ಲಿ ಸಂಶೋಧನೆ ಮಾಡಬಯಸುವವರೂ ಇದೇ ಕತ್ತಲೆಯಲ್ಲಿ ತಡವುತ್ತಿದ್ದಾರೆ. ಎರಡು: ಪ್ರತಿ ಶನಿವಾರ ಮಧ್ಯಾಹ್ನ ಒಂದು ಗಂಟೆ ಅರ್ಜಿಯ ಕೂಟ; ನಮ್ಮ ಕಾಲೇಜಿನ ಭಾಷಾ ವಿದ್ಯಾರ್ಥಿಗಳೂ ಪಕ್ಕದ ವಿಜ್ಞಾನ ಕಾಲೇಜಿನವರೂ ಕೂಡಿ ಕುಳಿತು ಕರಡುಗಳನ್ನು ಓದುವುದು, ಸಂದರ್ಶನದ ಅಭ್ಯಾಸ ನಡೆಸುವುದು. ಮೂರು: ಹಳೆಯ ವಿದ್ಯಾರ್ಥಿಗಳಿಂದ ಸಣ್ಣ ನಿಧಿಯೊಂದನ್ನು ಕೂಡಿಸಿ, ಶುಲ್ಕ ಕಟ್ಟಲಾರದವರಿಗೆ ಕೊಡುವುದು, ಮುಂದೆ ವೇತನ ಬಂದಾಗ ಅವರು ಹಿಂದಿರುಗಿಸಿದರೆ ಆ ಹಣ ಇನ್ನೊಬ್ಬರಿಗೆ ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಇರುವುದು ಇಂಥ ಕೆಲಸಕ್ಕೇ.

ಈ ವರ್ಷದ ಕೊನೆಗೆ ನಾನು ಈ ಕಾಲೇಜನ್ನು ಬಿಟ್ಟು ಹೋಗುತ್ತೇನೆ. ಮುಂದಿನ ವರ್ಷ ಜೂನ್ ತಿಂಗಳಲ್ಲಿ ಆ ಫಲಕ ಗ್ರಂಥಾಲಯದ ಬಾಗಿಲಲ್ಲಿ ಇರುತ್ತದೆಯೆ ಎಂಬುದು ಇದನ್ನು ಓದುತ್ತಿರುವ ಕಿರಿಯ ಸೋದರ ಸೋದರಿಯರ ಕೈಯಲ್ಲಿದೆ. ಫಲಕಕ್ಕೆ ಬೇಕಾದ ಮೊದಲ ಪಟ್ಟಿಯನ್ನು ಬರೆದು ಗ್ರಂಥಪಾಲಕರ ಕೈಗೆ ಕೊಟ್ಟೇ ಹೋಗುತ್ತೇನೆ. ಅದನ್ನು ವರ್ಷವರ್ಷವೂ ತಿದ್ದಿ ಹೊಸದಾಗಿಡುವ ಹೊಣೆ ನಿಮ್ಮದಾಗಲಿ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ